ಅತ್ತೆಗೊಂದು ಕನ್ನಡಿ

ಊರಿನ ಅರ್ಧ ಗಂಡಸರ ಕತ್ತಿನ ಮೇಲೆ ದಿನಾ ಕತ್ತಿ ಆಡಿಸಿಯೂ ಒಂದು ಹನಿ ರಕ್ತ ಕಾಣಿಸದವನೆಂದು ಹೆಸರು ಮಾಡಿದ್ದ ಸೆಲೂನ್ ಯಜಮಾನನ ಹೆಬ್ಬೆರಳನ್ನು ಒಂದು ಮೀನು ಕೊಯ್ದುಬಿಟ್ಟಿತು. ಕಚ್ಚಿದ್ದಲ್ಲ, ಕೊಯ್ದದ್ದು. ಮನೆಯ ಉಪ್ಪುನೀರಿನ ಟ್ಯಾಂಕಿಗೆ ಕೈಹಾಕಿ ಕಲ್ಲು ಸರಿಸುತ್ತಿದ್ದಾಗ ಅಂಗೈಯಗಲದ ಹಳದಿ ಮೀನು ಬೆನ್ನು ತಿರುಗಿಸಿ ಒಮ್ಮೆ ಬಾಲ ಬೀಸಿತು, ಅಷ್ಟೆ. ಆ ಜಾತಿಗೆ ಟ್ಯಾಂಗ್ ಎಂದು ಹೆಸರು. ಬಾಲದ ಬುಡದಲ್ಲಿ ಎರಡೂ ಕಡೆ ಬ್ಲೇಡಿನಂಥ ಮುಳ್ಳು ಇರುವುದರಿಂದ ಸರ್ಜನ್ ಮೀನು ಎಂದೂ ಕರೆಯುತ್ತಾರೆ. ಅರಿವಳಿಕೆಯನ್ನೂ ಕೊಡದೆ ಸರ್ಜನ್ ಸಾಹೇಬರು ಆಪರೇಷನ್ ಮುಗಿಸಿದ್ದರು.

ಹೆಂಡತಿ ಓಡಿಬಂದು ಕೈಗೆ ಸಿಕ್ಕ ಬಟ್ಟೆ ಕಟ್ಟಿದಳು. ಹೊಲಿಗೆ ಅವಳ ಕಸುಬು. ಕೈಗೆ ಸಿಕ್ಕಿದ್ದು ಯಾರದೋ ಮಗುವಿನ ಫ್ರಾಕಿನಲ್ಲಿ ಉಳಿದ ಗುಲಾಬಿ ಸ್ಯಾಟಿನ್. ಗಂಟು ಹಾಕುವಾಗ ಅಭ್ಯಾಸಬಲದಿಂದ ಚೆಂದವಾಗಿ ಬೋ ಕಟ್ಟಿಬಿಟ್ಟಳು. ಬೋ ಸಮೇತ ಯಜಮಾನ ಅಂಗಡಿ ತೆರೆದ. ಮುಖಕ್ಕೆಲ್ಲ ನೊರೆ ಹಚ್ಚಿಸಿಕೊಂಡು ಕುಳಿತಿದ್ದ ಬ್ಯಾಂಕಿನ ಕ್ಯಾಷಿಯರ್ ಕನ್ನಡಿಯಲ್ಲಿ ಆ ಬೋ ನೋಡಿದ.

“ಏನ್ರೀ ಅದು?”

“ಮೀನು ಕುಯ್ತು ಸರ್.”

“ನೀವು ಮೀನು ಕುಯ್ಯೋಕೆ ಹೋಗಿ ಗಾಯ ಮಾಡ್ಕೊಂಡ್ರಾ?”

“ಇಲ್ಲ ಸರ್. ಮೀನೇ ನನ್ನನ್ನ ಕುಯ್ತು.”

ಕ್ಯಾಷಿಯರ್ ನೊರೆ ಒರೆಸಿಕೊಂಡು ಕುರ್ಚಿಯಿಂದ ಎದ್ದ. “ಇವತ್ತು ಗಡ್ಡ ಇರ್ಲಿ ಬಿಡಿ. ಮೀನಿನ ಹತ್ರ ಸೋತು ಬಂದವರಿಗೆ ನಾನು ಕತ್ತು ಕೊಡಲ್ಲ.”

ಸಂಜೆ ಗಂಡ ಇದನ್ನು ಹೇಳಿಕೊಂಡಾಗ ಹೆಂಡತಿ ನಕ್ಕೂ ನಕ್ಕೂ, ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನು ನುಂಗುವುದೊಂದು ಬಾಕಿ. ಆಮೇಲೆ ಅವಳ ಮುಖ ಗಂಟಿಕ್ಕಿತು. ಯಾಕೆಂದರೆ ಆ ಟ್ಯಾಂಕು ಕುಳಿತಿದ್ದದ್ದು ಅವಳ ಜಾಗದಲ್ಲಿ.

ಹಾಲಿನಲ್ಲಿ ಇದ್ದದ್ದು ಒಂದೇ ಕಿಟಕಿ. ಅದರ ಬುಡದಲ್ಲಿ ಮೊದಲು ಅವಳ ಹೊಲಿಗೆ ಮಷೀನು ಇತ್ತು. “ಸ್ವಲ್ಪ ದಿನಕ್ಕೆ ಕಣೇ” ಎಂದು ಗಂಡ ಮಷೀನನ್ನು ಮಲಗುವ ಕೋಣೆಗೆ ನೂಕಿ, ಮಂಚದಷ್ಟು ಉದ್ದದ ಗಾಜಿನ ಟ್ಯಾಂಕನ್ನು ಅಲ್ಲಿ ತಂದಿಟ್ಟಿದ್ದ. ಅಂದಿನಿಂದ ಅವಳು ಬೀರು ಮತ್ತು ಮಂಚದ ನಡುವಿನ ಸಂದಿಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಕಪ್ಪು ಪ್ಯಾಂಟಿಗೆ ಕಪ್ಪು ದಾರ ಹುಡುಕುತ್ತಿದ್ದಳು. ಹಾಲ್ ತುಂಬ ಉಪ್ಪು ಕದಡುವ ಬಕೆಟ್ಟು, ಸದಾ ಗುಂಯ್ಗುಡುವ ಪಂಪು. ಸಿಡಿದ ನೀರು ಆರಿ ಸ್ವಿಚ್ಚಿನ ಮೇಲೆ, ಕಿಟಕಿಯ ಸರಳಿನ ಮೇಲೆ, ಕೊನೆಗೆ ಮದುವೆ ಫೋಟೋದ ಚೌಕಟ್ಟಿನ ಮೇಲೂ ಬೆಳ್ಳನೆಯ ಉಪ್ಪು ಕೂರುತ್ತಿತ್ತು.

“ಮದುವೆಯಾದ ಹೊಸದ್ರಲ್ಲಿ ಸಮುದ್ರ ತೋರಿಸ್ತೀನಿ ಅಂದಿದ್ರಿ,” ಎಂದು ಅವಳು ಒರೆಸುತ್ತ ಹೇಳುತ್ತಿದ್ದಳು. “ಹೀಗೆ ಮನೆಗೇ ತಂದು ಸುರೀತೀರ ಅಂತ ಗೊತ್ತಿದ್ರೆ ಬೇಡ ಅಂತಿದ್ದೆ.”

ಗಂಡನ ಕಿವಿಗೆ ಅದು ಬೀಳುತ್ತಿರಲಿಲ್ಲ. ಹೆಂಡತಿಗೆ ಜ್ವರ ಬಂದರೆ ಮಾತ್ರೆ ನುಂಗಿ ಮಲಗು ಎನ್ನುವ ಆಸಾಮಿ, ಮೀನಿನ ಮೈಮೇಲೆ ಒಂದು ಬಿಳಿ ಚುಕ್ಕೆ ಕಂಡರೆ ಭೂತಗನ್ನಡಿ ಹಿಡಿದು ಊಟ ಬಿಡುತ್ತಿದ್ದ. ದಿನವೆಲ್ಲ ಸೆಲೂನಿನಲ್ಲಿ ಬಾಯಿಗೆ ಬಿಡುವಿಲ್ಲದ ಮನುಷ್ಯ ಮನೆಗೆ ಬಂದು, ಒಣಗಿಸಿದ ಪಾಚಿಯ ಹಾಳೆಯನ್ನು ಕ್ಲಿಪ್ಪಿನಿಂದ ಗಾಜಿಗೆ ಸಿಕ್ಕಿಸಿ, ಮೀನು ಅದನ್ನು ಹರಿದು ತಿನ್ನುವುದನ್ನು ಬಾಯಿ ಮುಚ್ಚಿಕೊಂಡು ನೋಡುತ್ತಿದ್ದ.

ಬೆರಳು ವಾಸಿಯಾಗುವ ಮುಂಚೆಯೇ ಅವನು ಎರಡನೇ ಟ್ಯಾಂಗ್ ತಂದ. ನೀಲಿ ಮೈ, ಹಳದಿ ಬಾಲ, ಹೊಸ ಬಟ್ಟೆ ತೊಟ್ಟ ಹುಡುಗಿಯ ಸಂಕೋಚ.

“ಒಂದೇ ಇದ್ರೆ ಅದಕ್ಕೆ ಬೇಜಾರಾಗುತ್ತೆ ಕಣೇ.”

“ಬೇಜಾರು ಅಂತ ಅದು ನಿಮ್ಮ ಕಿವೀಲಿ ಹೇಳ್ತಾ?”

ಹಳದಿಗೆ ಬೇಜಾರೇನೂ ಇರಲಿಲ್ಲ, ಇದ್ದದ್ದು ಯಜಮಾನಿಕೆ. ನೀಲಿ ಪಾಚಿಯ ಹತ್ತಿರ ಬಂದರೆ ಅಟ್ಟುವುದು, ಅಡ್ಡಾಡಿದರೆ ಅಡ್ಡ ನಿಲ್ಲುವುದು, ಕಲ್ಲಿನ ಸಂದಿಯಲ್ಲಿ ಅಡಗಿದರೆ ಬಾಗಿಲಲ್ಲೇ ಕಾಯುವುದು. ಎರಡನೇ ದಿನಕ್ಕೆ ನೀಲಿಯ ರೆಕ್ಕೆ ಹರಿದಿತ್ತು.

“ಇವಳು ಮೀನಲ್ಲ, ಅತ್ತೆ,” ಎಂದಳು ಹೆಂಡತಿ.

“ನಮ್ಮಮ್ಮ ಹಾಗಿರ್ಲಿಲ್ಲಪ್ಪ.”

“ನಾನು ಯಾರ ಹೆಸರೂ ಎತ್ತಲಿಲ್ಲ.” ಅಂದಿನಿಂದ ಹಳದಿ ಮೀನು ಅತ್ತೆ, ನೀಲಿ ಸೊಸೆ. ಹೆಸರಿಟ್ಟವಳೇ ಶರತ್ತನ್ನೂ ಹಾಕಿದಳು. “ಕೇಳಿ. ಸೊಸೆ ಸತ್ರೆ ಟ್ಯಾಂಕು ಸೆಲೂನಿಗೆ, ನನ್ನ ಮಷೀನು ಕಿಟಕಿಗೆ. ಇಬ್ರೂ ಹೊಂದ್ಕೊಂಡ್ರೆ ಆ ಜಾಗ ಇನ್ಯಾವತ್ತೂ ಕೇಳಲ್ಲ.”

“ಸೆಲೂನಲ್ಲಿ ಪೌಡರು, ಸ್ಪ್ರೇ, ಕೂದಲು ಹಾರ್ತಿರುತ್ತೆ ಕಣೇ. ಅಲ್ಲಿ ಇಟ್ರೆ ಒಂದೂ ಉಳಿಯಲ್ಲ.”

“ಹಾಗಾದ್ರೆ ಇಲ್ಲೇ ಹೊಂದಿಸಿ.”

ಗಂಡ ಒಮ್ಮೆ ಅತ್ತೆಯನ್ನೂ ಒಮ್ಮೆ ಸೊಸೆಯನ್ನೂ ನೋಡಿದ. ಆದರೂ ಒಪ್ಪಿದ.

ಮರುದಿನ ಮಧ್ಯಾಹ್ನ ಅವಳು ಹಾಲಿಗೆ ಬಂದರೆ ಸೊಸೆ ಕಲ್ಲಿನ ಮೇಲೆ ಮಗ್ಗುಲಾಗಿ, ಅಲ್ಲಾಡದೆ ಬಿದ್ದಿದ್ದಾಳೆ. ಹೋದಳು! ಹೆಂಡತಿ ಒಂದು ಕ್ಷಣವೂ ತಡಮಾಡದೆ ಮಷೀನನ್ನು ದರದರ ಎಳೆದುಕೊಂಡು ಹಾಲಿನ ಬಾಗಿಲವರೆಗೆ ಬಂದಳು. ಅಲ್ಲಿ ಯಾಕೋ ಮಷೀನು ಬಿಟ್ಟು ಟ್ಯಾಂಕಿನ ಹತ್ತಿರ ಹೋದಳು. ಬಂದ ಮನೆಯಲ್ಲಿ ಒಂದು ಹೊತ್ತು ನೆಮ್ಮದಿಯಾಗಿ ಉಣ್ಣಲಿಲ್ಲವಲ್ಲ ಪಾಪದ್ದು ಎನಿಸಿತು. ಕತ್ತರಿಯ ಹಿಡಿಯಿಂದ ಗಾಜನ್ನು ಮೆಲ್ಲಗೆ ಕುಟ್ಟಿದಳು. ಸೊಸೆ ಎದ್ದು, ಏನೂ ಆಗಿಲ್ಲದವಳಂತೆ ದುಂಡಗಣ್ಣು ಬಿಟ್ಟು ನೋಡಿದಳು. ಆ ನೀಲಿ ಜಾತಿಗೆ ಹೆದರಿಕೆಯಾದರೆ ಹೀಗೆ ಅಡ್ಡಬೀಳುವ ಚಾಳಿ ಇದೆಯೆಂದು ಇವಳಿಗೆ ಯಾರೂ ಹೇಳಿರಲಿಲ್ಲ. ಫೋನ್ ಎತ್ತಿಕೊಂಡಳು.

“ರೀ, ಏನಾದ್ರೂ ಮಾಡಿ. ಸಾಯೋ ನಾಟಕ ಆಡೋವರೆಗೂ ಬಂದಿದ್ದಾಳೆ.”

“ನಿಂಗೇನೇ ನಷ್ಟ? ಸತ್ರೆ ಕಿಟಕಿ ಸಿಗುತ್ತೆ.”

“ಕಿಟಕಿ ಬೇಕು ರೀ. ಹೆಣ ಬೇಡ.”

ಮೀನು ಮಾರಿದ ಅಂಗಡಿಯವನು ಉಪಾಯ ಹೇಳಿದ: ಗಾಜಿನ ಹೊರಗೆ ಒಂದು ಕನ್ನಡಿ ಇಡಿ, ಹಳದಿ ತನ್ನ ಬಿಂಬವನ್ನೇ ಶತ್ರು ಅಂದುಕೊಂಡು ಅದರ ಮೇಲೆ ಬೀಳುತ್ತೆ, ನೀಲಿಗೆ ಉಸಿರಾಡೋಕೆ ಪುರುಸೊತ್ತು ಸಿಗುತ್ತೆ. ಯಜಮಾನ ಸೆಲೂನಿನ ಎರಡನೇ ಕುರ್ಚಿಯ ಎದುರಿನ ಕನ್ನಡಿಯನ್ನೇ ಕಳಚಿ ಹೊತ್ತು ತಂದ. ಗಾಯ ಮಾಯ್ದ ಸುದ್ದಿ ಕೇಳಿ ಧೈರ್ಯ ಮಾಡಿ ಬಂದ ಕ್ಯಾಷಿಯರ್, ಅದೇ ಕುರ್ಚಿಯಲ್ಲಿ ಕುಳಿತು ಗೋಡೆಯ ಮೊಳೆ ನೋಡುತ್ತ ಮೀಸೆ ಕತ್ತರಿಸಿಕೊಂಡು ಹೋದ. ಎರಡು ಕಡೆಯ ಮೀಸೆಗೂ ಅಣ್ಣತಮ್ಮಂದಿರಷ್ಟು ಹೋಲಿಕೆಯೂ ಇಲ್ಲವೆಂದು ಅವನಿಗೆ ತಿಳಿದದ್ದು ಕೌಂಟರಿನಲ್ಲಿ ಜನ ನಕ್ಕಾಗ.

ಇತ್ತ ಮನೆಯಲ್ಲಿ ಅತ್ತೆಗೆ ಅತ್ತೆಯೇ ಗಂಟುಬಿದ್ದಿದ್ದಳು. ಬಾಲ ಬೀಸಿದರೆ ಎದುರಿನವಳೂ ಬೀಸುತ್ತಾಳೆ; ಗುರಾಯಿಸಿದರೆ ಗುರಾಯಿಸುತ್ತಾಳೆ. ಟಕ್ ಟಕ್ ಎಂದು ಗಾಜಿಗೆ ಏಟು. ಹೆಂಡತಿ ಕಾಜ ಹಾಕುವ, ಗುಂಡಿ ಹೊಲಿಯುವ ಕೆಲಸವನ್ನೆಲ್ಲ ಟ್ಯಾಂಕಿನ ಮುಂದೆ ತಂದುಕೊಂಡು, “ಬಿಡಬೇಡ, ಇನ್ನೊಂದು ಕೊಡು!” ಎಂದು ಇಬ್ಬರು ಅತ್ತೆಯರನ್ನೂ ಹುರಿದುಂಬಿಸಿದಳು. ಆದರೆ ಕನ್ನಡಿ ತೆಗೆದ ಗಳಿಗೆಯಲ್ಲೇ ಹಳದಿ ಮತ್ತೆ ಸೊಸೆಯ ಬೆನ್ನುಹತ್ತುತ್ತಿತ್ತು. ಪುನಃ ಕನ್ನಡಿ, ಪುನಃ ಯುದ್ಧ. ಸೆಲೂನಿನ ಎರಡನೇ ಕುರ್ಚಿಗೆ ಗಿರಾಕಿ ಬರುವುದು ನಿಂತೇಹೋಯಿತು. ಗಂಡನ ಮುಖ ದಿನದಿನಕ್ಕೆ ಸಣ್ಣದಾಗುತ್ತಿತ್ತು.

ಅಷ್ಟರಲ್ಲಿ ಅವಳ ತಮ್ಮ ಹೊಸ ಪರದೆ ಹೊಲಿದುಕೊಡಲು ಅಕ್ಕನನ್ನು ತನ್ನ ಫ್ಲಾಟಿಗೆ ಕರೆದ. ಇಡೀ ದಿನ ಅಲ್ಲಿದ್ದು ಸಂಜೆ ಮನೆಗೆ ಬಂದರೆ ಕನ್ನಡಿ ಇಲ್ಲ, ಯುದ್ಧವೂ ಇಲ್ಲ. ಅತ್ತೆ ಸೊಸೆ ಒಂದೇ ಪಾಚಿ ಹಾಳೆಯನ್ನು ಆ ತುದಿ ಈ ತುದಿಯಿಂದ ಮೇಯುತ್ತಿದ್ದರು. ಸೊಸೆ ಒಮ್ಮೆ ಮೈತಾಕಿಸಿದರೆ ಅತ್ತೆಯೇ ಹಿಂದೆ ಸರಿದಳು.

“ಇದೇನ್ರೀ ಇದು!”

“ನೀನೇ ನೋಡು.”

“ಅತ್ತೆ ಸ್ವಲ್ಪ ಇಳಿದುಹೋಗಿದ್ದಾಳಲ್ಲ?”

“ಹಗೆ ಬಿಟ್ರೆ ಮೈ ಹಗುರಾಗುತ್ತಂತೆ,” ಎಂದ ಗಂಡ, ಬಕೆಟ್ಟಿನಲ್ಲಿ ಉಪ್ಪು ಕದಡುತ್ತ, ತಲೆ ಎತ್ತದೆ.

ಅವಳು ಮಾತಿಗೆ ತಪ್ಪುವವಳಲ್ಲ. ಕಿಟಕಿಯನ್ನು ಬಿಟ್ಟುಕೊಟ್ಟಳು. ಬಿಟ್ಟುಕೊಟ್ಟದ್ದು ಗಂಡನಿಗಲ್ಲ, ಒಂದು ಪ್ರಾಣಿಯ ಒಳ್ಳೆಯತನಕ್ಕೆ ಎಂಬ ಸಮಾಧಾನದಲ್ಲಿ ಸಂದಿಯಲ್ಲಿ ಕುಳಿತು ಕಣ್ಣು ಕಿರಿದುಮಾಡಿ ಸೂಜಿ ಪೋಣಿಸಿದಳು. ಅಳತೆ ಕೊಡಲು ಬಂದವರಿಗೆಲ್ಲ ಕಥೆ ಹೇಳಿದಳು: “ಸಿಟ್ಟಲ್ಲಿರೋ ತನ್ನ ಮುಖ ತಾನೇ ನೋಡ್ಕೊಂಡ್ಲು ನೋಡಿ, ನಾಚ್ಕೆ ಆಗಿ ಬದಲಾಗ್ಬಿಟ್ಲು.” ಹೇಳಿದಷ್ಟೂ ಕಥೆ ದಪ್ಪವಾಯಿತು. ಕೊನೆಕೊನೆಗೆ ಅತ್ತೆ ಕನ್ನಡಿಯ ಮುಂದೆ ಕಣ್ಣೀರೂ ಹಾಕಿದಳು. ನೀರಲ್ಲಿ ಕಾಣಿಸಲಿಲ್ಲ, ಅಷ್ಟೆ.

ಕಥೆಯನ್ನು ಎಲ್ಲರಿಗಿಂತ ಹೆಚ್ಚಾಗಿ ನಂಬಿದವನು ತಮ್ಮ. ಅವನು ತನ್ನ ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿ. ಅಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ ದಿನಾ ಜಗಳ. ಒಂದು ಭಾನುವಾರ ಜೋಲು ಮೋರೆ ಹಾಕಿಕೊಂಡು ಬಂದು ಟ್ಯಾಂಕಿನ ಮುಂದೆ ಕುಳಿತ.

“ಭಾವ, ಅಕ್ಕನ ಮಾತು ಕೇಳಿ ಸಭೆ ನಡೆಯೋ ರೂಮಲ್ಲಿ ಆಳೆತ್ತರದ ಕನ್ನಡಿ ಹಾಕಿಸ್ದೆ. ಮೊದಲು ಬರೀ ಬೈತಿದ್ರು. ಈಗ ತಲೆ ಬಾಚ್ಕೊಂಡು ಬೈತಾರೆ.”

“ತಾಳ್ಮೆ ಬೇಕು ಕಣೋ,” ಎಂದಳು ಅಕ್ಕ, ಟೀ ಲೋಟ ಕೊಡುತ್ತ, ಅನುಭವಸ್ಥೆಯ ಗತ್ತಿನಲ್ಲಿ. “ನಮ್ಮ ಅತ್ತೆ ಏನು ಒಂದೇ ದಿನಕ್ಕೆ ಬದಲಾದ್ಲಾ? ಒಳಗಿಂದ ಅರಿವು ಬರ್ಬೇಕು.”

“ನಾಳೆ ಮತ್ತೆ ಸಭೆ ಇದೆ ಅಕ್ಕ. ಈ ಸಲ ನನ್ನೇ ಕುರ್ಚಿಯಿಂದ ಇಳಿಸ್ತಾರೆ.” ತಮ್ಮ ಭಾವನ ಕೈ ಹಿಡಿದುಕೊಂಡ. “ನಿಜ ಹೇಳಿ ಭಾವ. ಅಷ್ಟು ಘಾಟಿ ಅತ್ತೆಯ ಕೈಲಿ ಜಗಳ ಬಿಡಿಸೋಕೆ ಕೊನೆಗೆ ಏನು ಮಾಡಿದ್ರಿ?”

ಗಂಡ ತಮ್ಮನ ಬಾಡಿದ ಮುಖ ನೋಡಿದ, ಹೆಂಡತಿಯ ಅರಳಿದ ಮುಖ ನೋಡಿದ, ಲೋಟದಲ್ಲಿ ಉಳಿದ ಟೀಯನ್ನು ಒಂದೇ ಗುಟುಕಿಗೆ ಮುಗಿಸಿದ.

“ಅಂಗಡಿಗೆ ವಾಪಸ್ ಕೊಟ್ಟೆ ಕಣೋ,” ಎಂದ. “ಇದು ಬೇರೆ ಅತ್ತೆ.”