ಆಜೀವ ಎಣ್ಣೆ ಮತ್ತು ನನ್ನ ಬಾಣಲೆ

ನನಗೆ ಒಂದು ಜಂಬವಿದೆ. ಅದನ್ನು ಯಾರಿಗೂ ತೋರಿಸಲಾಗುವುದಿಲ್ಲ ಎಂಬುದೇ ಸಂಕಟ. ಹೊಸ ಬಳೆಯಾಗಿದ್ದರೆ ಮಾತನಾಡುವಾಗ ಕೈಯನ್ನು ಸ್ವಲ್ಪ ಹೆಚ್ಚೇ ಆಡಿಸಬಹುದಿತ್ತು. ಸೀರೆಯಾಗಿದ್ದರೆ ಸೆರಗು ಸರಿಪಡಿಸುವ ನೆಪದಲ್ಲಿ ಮದುವೆಮನೆಯ ನಟ್ಟನಡುವೆ ನಿಲ್ಲಬಹುದಿತ್ತು. ನಾನು ಜಂಬಪಡುವ ವಸ್ತು ನನ್ನ ಕಾರಿನ ಗೇರ್‌ಬಾಕ್ಸಿನೊಳಗೆ, ಹೊರಗಿನವರ ಕಣ್ಣಿಗೆ ಬೀಳದಂತೆ ಮುಚ್ಚಿಕೊಂಡು ಕೂತಿರುವ ಎಣ್ಣೆ. ಕೆಂಪಗಿದೆ, ತೆಳ್ಳಗಿದೆ, ಒಳ್ಳೆಯ ವಾಸನೆ ಇದೆ. ಬನ್ನಿ, ನೋಡಿ ಎಂದು ಯಾರನ್ನು ಕರೆಯಲಿ? ಅದಕ್ಕೇ ಬರೆಯಲು ಕೂತೆ.

ನಮ್ಮ ಮನೆ ಡೊಂಬಿವಲಿಯಲ್ಲಿ, ಹೊಟ್ಟೆಪಾಡು ರಬಾಳೆಯಲ್ಲಿ. ಅಲ್ಲಿ ಕಾರ್ಖಾನೆಗಳ ನಡುವೆ ನಮ್ಮದೊಂದು ಕ್ಯಾಂಟೀನು. ಉಡುಪಿ ಕಡೆಯವರು ಬೇರೇನು ಮಾಡಿಯಾರು ಎಂದು ನೀವು ನಗಬಹುದು, ನಗಿ. ನನ್ನ ಗಂಡ ನಸುಕಿಗೆ ಎದ್ದು ಟೆಂಪೋ ತೆಗೆದುಕೊಂಡು ವಾಶಿ ಮಾರ್ಕೆಟ್ಟಿಗೆ ಹೋಗಿ, ತರಕಾರಿ ತುಂಬಿಸಿಕೊಂಡು ಕ್ಯಾಂಟೀನಿಗೆ ಬರುತ್ತಾರೆ. ಮನೆಗೆಲಸ ಮುಗಿಸಿ ನಾನು ಆಮೇಲೆ ಹೊರಡುತ್ತೇನೆ. ಹಿಂದೆಲ್ಲ ನನ್ನದು ರೈಲು. ಠಾಣೆಯಲ್ಲಿ ಇಳಿದು, ಮೆಟ್ಟಿಲು ಹತ್ತಿ, ಸೇತುವೆ ದಾಟಿ, ಮೆಟ್ಟಿಲು ಇಳಿದು ಇನ್ನೊಂದು ರೈಲು ಹಿಡಿಯಬೇಕು. ವರ್ಷಗಟ್ಟಲೆ ಒಲೆಯ ಮುಂದೆ ನಿಂತ ನನ್ನ ಎಡಮೊಣಕಾಲು ಒಂದು ದಿನ ಆ ಮೆಟ್ಟಿಲ ಮೇಲೆ ಮುಷ್ಕರ ಹೂಡಿತು. ಕಾರು ಕಲಿಯುತ್ತೇನೆ ಎಂದರೆ ಡಾಕ್ಟರು, "ಕಲಿಯಿರಿ, ಆದರೆ ಕ್ಲಚ್ ಮಾತ್ರ ಒತ್ತಬೇಡಿ" ಎಂದರು. ಹಾಗಾಗಿ ಬಂದದ್ದು ಈ ಆಟೋಮ್ಯಾಟಿಕ್ ಕಾರು. ಎಡಗಾಲಿಗೆ ಇದರಲ್ಲಿ ಏನೂ ಕೆಲಸವಿಲ್ಲ. ಅದು ಪಿಂಚಣಿ ಪಡೆದ ಹಿರಿಯರ ಹಾಗೆ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತದೆ.

ಸ್ಟಿಯರಿಂಗ್ ಹಿಡಿದ ಮೇಲೆ ನನಗೆ ಕೋಡು ಮೂಡಿದ್ದು ನಿಜ. ನಮ್ಮ ಸೊಸೈಟಿಯಲ್ಲಿ ನನ್ನ ವಯಸ್ಸಿನ ಹೆಂಗಸರು ಶಿಳ್‌ಫಾಟಾ ಎಂಬ ಹೆಸರು ಕೇಳಿದರೇ ಕೈಮುಗಿಯುತ್ತಾರೆ. ಕಲ್ಯಾಣದ ಕಡೆಯ ಲಾರಿ, ಪನವೇಲಿನ ಕಡೆಯ ಟ್ರೇಲರ್, ಮುಂಬ್ರಾ ಕಡೆಯ ರಿಕ್ಷಾ ಎಲ್ಲವೂ ಅಲ್ಲಿ ಒಂದೇ ಕಡೆ ಬಂದು ಮುಖ ಮುಖ ನೋಡಿಕೊಳ್ಳುತ್ತವೆ. ಆ ಜಾತ್ರೆಯಲ್ಲಿ ಒಂದು ಗೇಣು ಮುಂದೆ, ಒಂದು ಉಸಿರು ನಿಂತು, ಮತ್ತೆ ಒಂದು ಗೇಣು ಹೀಗೆ ಸಾಗಿ, ಮಹಾಪೆಯ ಏರು ಹತ್ತಿ ಇಳಿದು ನಾನು ದಿನಾ ರಬಾಳೆ ಸೇರುತ್ತೇನೆ. ಯಾರ ಹೊತ್ತಿಗೂ ಕಾಯುವುದಿಲ್ಲ, ನನ್ನನ್ನು ಬಿಟ್ಟು ಬನ್ನಿ ಎಂದು ಯಾರನ್ನೂ ಕೇಳುವುದಿಲ್ಲ. ಈ ಸುಖ ಹುಟ್ಟಿನಿಂದ ಇದ್ದವರಿಗೆ ಅದರ ರುಚಿ ಗೊತ್ತಾಗಲಿಕ್ಕಿಲ್ಲ.

ಅಂಥ ಕಾರು ಒಂದು ದಿನ ಬಿಕ್ಕಿತು. ಎರಡನೆಯ ಗೇರಿನಿಂದ ಮೂರಕ್ಕೆ ಹೋಗುವಾಗ ಹಿಂದಿನಿಂದ ಯಾರೋ ಸೀಟು ದೂಡಿದ ಹಾಗಾಯಿತು. ಬೆಳಿಗ್ಗೆ ಹೊರಡುವಾಗಲೂ ಗೇರಿನ ಲಿವರ್ ಎಳೆದ ಮೇಲೆ ಹೋಗಲೋ ಬೇಡವೋ ಎಂದು ಅದು ತುಸು ಯೋಚನೆ ಮಾಡತೊಡಗಿತು. ಸರ್ವಿಸ್ ಸೆಂಟರಿಗೆ ಒಯ್ದೆ. ಗೇರ್‌ಬಾಕ್ಸಿನ ಎಣ್ಣೆ ನೋಡಿ ಎಂದೆ. ಟೈ ಕಟ್ಟಿದ ಸಲಹೆಗಾರರು ಮಗುವಿಗೆ ಹೇಳುವಂತೆ ಹೇಳಿದರು: "ಮ್ಯಾಡಮ್, ಸೀಲ್ಡ್ ಹೈ. ಲೈಫ್‌ಟೈಮ್ ಆಯಿಲ್ ಹೈ. ಖೋಲನೇ ಕಾ ಹೀ ನಹೀಂ." ಅದನ್ನು ಬಿಚ್ಚಲೇಬಾರದಂತೆ.

"ಲೈಫ್‌ಟೈಮ್ ಅಂದರೆ ಯಾರ ಲೈಫು?" ಎಂದು ಹಿಂದಿಯಲ್ಲೇ ಕೇಳಿದೆ.

ಗೇರ್‌ಬಾಕ್ಸಿನದು ಎಂದರು. ಗೇರ್‌ಬಾಕ್ಸಿನ ಆಯುಸ್ಸು ಎಷ್ಟು ಎಂದೆ. ಎಣ್ಣೆ ಚೆನ್ನಾಗಿರುವವರೆಗೆ ಎಂದರು. ಒಳ್ಳೆಯದಾಯಿತು ಎಂದುಕೊಂಡು ಹೊರಗೆ ಬಂದೆ.

ಎಣ್ಣೆಯ ವಿಷಯದಲ್ಲಿ ನನಗೆ ಬುದ್ಧಿ ಹೇಳುವುದು ಕಷ್ಟ. ಬಾಣಲೆಯ ಮುಂದೆ ನನ್ನ ಅರ್ಧ ಆಯುಸ್ಸು ಕಳೆದಿದೆ. ಕಾದು, ಆರಿ, ಮತ್ತೆ ಕಾದ ಎಣ್ಣೆಯ ಬಣ್ಣ ಕಪ್ಪಾಗುತ್ತದೆ, ವಾಸನೆ ತಿರುಗುತ್ತದೆ, ಮೈ ಅಂಟಾಗುತ್ತದೆ. ಬೆರಳ ನಡುವೆ ತಿಕ್ಕಿದರೆ ಸಾಕು, ಅದರ ಜಾತಕ ಹೇಳುತ್ತೇನೆ. ನಮ್ಮ ಕ್ಯಾಂಟೀನಿನಲ್ಲಿ ಕರ್ರಗಾದ ಎಣ್ಣೆಗೆ ಜಾಗವಿಲ್ಲ. ಸಾಯುವವರೆಗೆ ಬದಲಿಸಬೇಕಾಗಿಲ್ಲದ ಎಣ್ಣೆ ಇದೆ ಎಂದು ನನಗೆ ಹೇಳುವವರು ಮೊದಲು ಒಂದು ತಿಂಗಳು ಗೋಳಿಬಜೆ ಕರಿದು ಬರಬೇಕು.

ಶಾಶ್ವತ ಎಂಬ ಮಾತನ್ನು ನಮ್ಮ ಹಿರಿಯರೂ ಬಳಸಿದ್ದಾರೆ. ದೇವಸ್ಥಾನದ ನಂದಾದೀಪವನ್ನೇ ನೋಡಿ. ಅದು ಎಂದೂ ಆರದ ದೀಪ. ಆದರೆ ಅದು ತಾನಾಗಿಯೇ ಉರಿಯುತ್ತದೆ ಎಂದು ಯಾವ ರಾಜನೂ ತಿಳಿಯಲಿಲ್ಲ. ದೀಪ ಇಡಿಸಿದವರು ಅದರ ಎಣ್ಣೆಗೆಂದು ಗದ್ದೆಯನ್ನೋ ಗಾಣವನ್ನೋ ದತ್ತಿ ಬಿಟ್ಟು, ಕಲ್ಲಿನಲ್ಲಿ ಬರೆಸುತ್ತಿದ್ದರು. ಅಂಬರನಾಥದ ಹಳೆಯ ಶಿವಾಲಯಕ್ಕೆ ಹೋದಾಗಲೆಲ್ಲ ನಾನು ದೇವರಿಗಿಂತ ಮೊದಲು ದೀಪ ನೋಡುತ್ತೇನೆ. ಯಾರೋ ಬತ್ತಿ ಸರಿಮಾಡಿರುತ್ತಾರೆ, ಯಾರೋ ಎಣ್ಣೆ ಹೊಯ್ದಿರುತ್ತಾರೆ. ಎಂದೆಂದಿಗೂ ಇರುವುದೆಲ್ಲ ದಿನಾ ಯಾರಾದರೂ ನೋಡಿಕೊಳ್ಳುವುದರಿಂದಲೇ ಇರುತ್ತದೆ. ಕಾರಿನ ಕಂಪನಿಗಳಿಗೆ ಈ ಶಾಸನಗಳನ್ನು ಓದಿ ಹೇಳುವವರು ಸಿಗಲಿಲ್ಲ ಎಂದು ಕಾಣುತ್ತದೆ.

ಮನೆಯಲ್ಲಿ ಸುದ್ದಿ ಹೇಳಿದೆ. ಗಂಡ ಪೇಪರ್ ಇಳಿಸದೆಯೇ ತೀರ್ಪು ಕೊಟ್ಟರು. "ಮಾರಿ ಬಿಡುವ ಮಾರಾಯ್ತಿ. ಗೇರ್‌ಬಾಕ್ಸ್ ಹೋದ ಮೇಲೆ ಗುಜರಿಯವರೂ ಮೂಸುವುದಿಲ್ಲ. ನೀನು ನನ್ನೊಟ್ಟಿಗೆ ಟೆಂಪೋದಲ್ಲಿ ಬಾ."

ಪ್ರೀತಿಯಿಂದಲೇ ಹೇಳಿದ್ದು, ಅದರಲ್ಲಿ ಅನುಮಾನವಿಲ್ಲ. ಆದರೆ ಟೆಂಪೋದಲ್ಲಿ ಹೋಗುವುದೆಂದರೆ ಅವರು ಏಳುವಾಗ ಏಳಬೇಕು, ಅವರು ಹೊರಟಾಗ ಹೊರಡಬೇಕು, ಹೂಕೋಸಿನ ಮೂಟೆಗಳ ಲೆಕ್ಕದಲ್ಲಿ ನಾನೂ ಒಂದಾಗಬೇಕು. ಇನ್ನೊಂದು ಕಾರು ಕೊಳ್ಳುವ ಮಾತು ಅವರ ಬಾಯಿಂದ ಬರಲಿಲ್ಲ, ನಾನೂ ಎತ್ತಲಿಲ್ಲ. ಈ ಗೇರ್‌ಬಾಕ್ಸು ಉಳಿದರೆ ನನ್ನ ಓಡಾಟ ಉಳಿಯಿತು, ಇಲ್ಲದಿದ್ದರೆ ಇಲ್ಲ. ಆ ರಾತ್ರಿ ನನಗೆ ಊಟ ಸೇರಲಿಲ್ಲ ಎಂದು ಹೇಳಲು ನಾಚಿಕೆಯೇನೂ ಇಲ್ಲ.

ರಬಾಳೆಯಲ್ಲಿ ನಮ್ಮ ಕ್ಯಾಂಟೀನಿನ ಹಿಂದೆಯೇ ಸಿದ್ರಾಮಪ್ಪನವರ ಗ್ಯಾರೇಜು. ವಿಜಯಪುರದ ಸಿಂದಗಿ ಕಡೆಯವರು. ಲೋಡಿಂಗ್ ಕೆಲಸಕ್ಕೆಂದು ಬಂದವರು ಈಗ ಕಾರು ಎತ್ತುವ ಲಿಫ್ಟು, ಕಂಪ್ಯೂಟರು ಎಲ್ಲ ಇಟ್ಟುಕೊಂಡಿದ್ದಾರೆ. ತಾನು ಮುಟ್ಟಿದ ಗಾಡಿ ವಾಪಸ್ ಬಂದದ್ದೇ ಇಲ್ಲ ಎಂದು ದಿನಾ ಊಟಕ್ಕೆ ಬಂದಾಗ ನಮಗೆಲ್ಲ ಕೇಳುವಂತೆ ಹೇಳುತ್ತಾರೆ. ಜಂಬದಲ್ಲಿ ನನಗೆ ಸರಿಸಾಟಿ. ಆದರೆ ಅವರೂ ಹಿಂಜರಿದರು.

"ಬ್ಯಾಡ್ರೀ ಅಕ್ಕಾರ. ಹಳೀ ಎಣ್ಣಿ ತಗದ ಮ್ಯಾಲ ಗಾಡಿ ನಿಂತ್ರ ಹೆಸರು ನಂದು ಕೆಡತೈತಿ."

"ಸಿದ್ರಾಮಪ್ಪ, ನೀವು ಮಿರ್ಚಿ ಬಜೆ ನಮ್ಮಲ್ಲೇ ತಿನ್ನುವುದು ಎಂತಕೆ? ಎದುರಿನ ಗಾಡಿಯಲ್ಲಿ ತಿನ್ನಬಹುದಲ್ಲ?"

"ಅಲ್ಲಿ ಎಣ್ಣಿ ಕರ್ರಗ ಇರತೈತ್ರಿ."

ನಾನು ಕಾರಿನ ಕೀ ಅವರ ಮುಂದೆ ಇಟ್ಟೆ. ಅವರು ನನ್ನ ಮುಖ ನೋಡಿದರು. ಕೀ ತೆಗೆದುಕೊಂಡು ಒಂದು ಸುತ್ತು ಓಡಿಸಿ ಬಂದು, "ಗೇರ್ ಜಾರಾಕ ಹತ್ತಿಲ್ಲ, ಬರೇ ಕುಕ್ಕತೈತಿ. ಇನ್ನೂ ಹೊತ್ತು ಮೀರಿಲ್ಲ. ತರ್ರಿ, ಮಾಡೂಣು" ಎಂದರು.

ಆಮೇಲೆ ನೋಡಿದ್ದು ಒಂದು ಒಳ್ಳೆಯ ಅಡುಗೆ ಮಾಡುವವರ ಶಿಸ್ತು. ಹಳೆಯದನ್ನು ಇಳಿಸುವ ಮೊದಲು ಹೊಸದನ್ನು ಹೊಯ್ಯುವ ಬಾಯಿಯ ಬಿರಟೆ ತಿರುಗುತ್ತದೆಯೇ ಎಂದು ನೋಡಿದರು; ಅದು ತುಕ್ಕು ಹಿಡಿದು ಕೂತಿದ್ದರೆ ಖಾಲಿ ಹೊಟ್ಟೆಯ ಗಾಡಿ ಅಲ್ಲೇ ಉಳಿಯುತ್ತಿತ್ತು. ಕೆಳಗಿನ ಬಿರಟೆ ಬಿಚ್ಚಿದಾಗ ಬಂದದ್ದನ್ನು ಬಗ್ಗಿ ನೋಡಿದೆ. ಕೆಂಪಗಿರಬೇಕಾದ ಎಣ್ಣೆ ಕಷಾಯದ ಬಣ್ಣಕ್ಕೆ ತಿರುಗಿತ್ತು. ಬೆರಳಿಗೆ ಹಚ್ಚಿಕೊಂಡು ಮೂಸಿದೆ, ಸೀದ ವಾಸನೆ. ಇದು ಆಯುಷ್ಯವಿಡೀ ಬಾಳುವ ಎಣ್ಣೆಯಂತೆ! ಬಿರಟೆ ಬಿಚ್ಚಿದರೂ ಅರ್ಧಕ್ಕಿಂತ ಹೆಚ್ಚು ಒಳಗೇ ಉಳಿಯುತ್ತದೆ, ಕೆಲವು ವಾರ ಓಡಿಸಿ ಇನ್ನೊಮ್ಮೆ ಬದಲಿಸಬೇಕು ಎಂದು ಸಿದ್ರಾಮಪ್ಪ ಹೇಳಿದರು.

ಮುಂದೆ ನಡೆದದ್ದಕ್ಕೆ ಹೊಣೆ ನಾನು, ಮತ್ತು ನನ್ನನ್ನು ಹೀಗೆ ಬೆಳೆಸಿದ ನಮ್ಮ ಕರಾವಳಿ. ಈ ಗೇರ್‌ಬಾಕ್ಸಿಗೆ ಅಳೆಯುವ ಕಡ್ಡಿ ಇಲ್ಲ. ಎಂಜಿನ್ ಚಾಲೂ ಇಟ್ಟು, ಎಣ್ಣೆ ಹದವಾಗಿ ಬೆಚ್ಚಗಾದಾಗ ಪಕ್ಕದ ಒಂದು ಬಿರಟೆ ತೆಗೆಯಬೇಕು. ಹೆಚ್ಚಾದದ್ದು ಧಾರೆಯಾಗಿ ಹೊರಗೆ ಬರುತ್ತದೆ. ಧಾರೆ ಸಣ್ಣಗಾಗಿ ಹನಿಯಾದಾಗ ಮುಚ್ಚಬೇಕು. ಹೊಸ, ಕೆಂಪು, ಹೊಳೆಯುವ ಎಣ್ಣೆ ಧಾರಾಕಾರವಾಗಿ ಕೊಳಕು ತಟ್ಟೆಗೆ ಬೀಳುವುದನ್ನು ನಾನು ನೋಡುತ್ತಾ ನಿಲ್ಲಬೇಕೆ? ಎಲೆಯ ಮುಂದೆ ಕೂತವರು ಬೇಡ ಬೇಡ ಎಂದು ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಸಾರು ಬಡಿಸುವ ಜನ ನಾವು. "ಸಾಕು, ಮುಚ್ಚಿ, ಮುಚ್ಚಿ! ಒಳಗಿದ್ದರೆ ಅದಕ್ಕೇ ಒಳ್ಳೆಯದು" ಎಂದು ಕೂಗಿದೆ. ಸಿದ್ರಾಮಪ್ಪ ತಲೆ ಅಲ್ಲಾಡಿಸಿದರು. ನಾನು ಬಿಡಲಿಲ್ಲ. ದಿನಾ ಎರಡನೆಯ ಸಲ ಅನ್ನ ಬಡಿಸುವ ಕೈಯನ್ನು ಎದುರು ಹಾಕಿಕೊಳ್ಳುವ ಧೈರ್ಯ ಅವರಿಗೂ ಬರಲಿಲ್ಲ. ಮುಚ್ಚಿದರು.

ಮರುದಿನ ಮಹಾಪೆಯ ಏರಿನಲ್ಲಿ ಗಾಡಿಗೆ ಅಜೀರ್ಣವಾಯಿತು. ಎಂಜಿನ್ ಕೂಗುತ್ತದೆ, ಗಾಡಿ ಏರುವುದಿಲ್ಲ. ಹಿಂದೆ ಟ್ರೇಲರಿನವನ ಹಾರ್ನು. ಎಡಕ್ಕೆ ನಿಲ್ಲಿಸಿ ಕಣ್ಣು ಮುಚ್ಚಿದೆ. ಮುಗಿಯಿತು, ನಾನೇ ಕೊಂದೆ, ನಾಳೆಯಿಂದ ಹೂಕೋಸಿನ ಜೊತೆಗೇ ನನ್ನ ಪ್ರಯಾಣ ಎಂದು ಗಟ್ಟಿಯಾಗಿ ಹೇಳಿಕೊಂಡೆ. ಅಳುವೂ ಬಂತು. ಗಂಡನಿಗೆ ಫೋನ್ ಮಾಡಬೇಕಿತ್ತು, ಮಾಡಲಿಲ್ಲ. ಸಿದ್ರಾಮಪ್ಪನವರಿಗೆ ಮಾಡಿದೆ. ಅವರು ಬಂದು, ಗಾಡಿ ಆರುವವರೆಗೆ ಕಾದು, ಮೆಲ್ಲಗೆ ಗ್ಯಾರೇಜಿಗೆ ಓಡಿಸಿಕೊಂಡು ಹೋದರು.

"ಅಕ್ಕಾರ, ಹೆಚ್ಚಾದ್ರ ಒಳಗ ಕಡದು ಕಡದು ಬುರುಗು ಏಳತೈತಿ. ಬುರುಗಿಗೆ ಗಾಡಿ ಎಳಿಯೂ ತಾಕತ್ತು ಎಲ್ಲೈತ್ರಿ? ಇವತ್ತು ನೀವು ಹೊರಗ ಕುಂದರ್ರಿ."

ಹೊರಗೆ ಕೂತೆ. ಎಣ್ಣೆ ಬೀಳುವ ಸದ್ದು ಕೇಳಿಸುತ್ತಿತ್ತು, ಆದರೂ ಎದ್ದು ಒಳಗೆ ಹೋಗಲಿಲ್ಲ. ಅಂದು ಸಂಜೆ ಅದೇ ಏರನ್ನು ಗಾಡಿ ಗೊಣಗದೆ ಹತ್ತಿತು. ಕೆಲವು ವಾರಗಳ ಬಳಿಕ ಇನ್ನೊಮ್ಮೆ ಬದಲಿಸಿದೆವು. ಆಗಲೂ ನಾನು ಹೊರಗೇ. ಈಗ ಗೇರು ಬದಲಾಗುವುದು ಗೊತ್ತೇ ಆಗುವುದಿಲ್ಲ. ಗೊತ್ತಾಗದಿರುವುದನ್ನು ಗಮನಿಸುತ್ತಾ ಗಾಡಿ ಓಡಿಸುವ ಸುಖವೇ ಬೇರೆ. ಶಿಳ್‌ಫಾಟಾದಲ್ಲಿ ಜಾಮ್ ಆದರೆ ನನಗೆ ಈಚೆಗೆ ಬೇಸರವೂ ಆಗುವುದಿಲ್ಲ. ಸುತ್ತಲಿನ ಗಾಡಿಗಳನ್ನು ನೋಡಿ, ಪಾಪ, ಇವರೊಳಗೆ ಎಂಥೆಂಥ ಕಷಾಯವಿದೆಯೋ ಎಂದು ಮರುಗುತ್ತೇನೆ.

ಇಷ್ಟೆಲ್ಲ ಆದರೂ ಗಂಡ ಒಂದು ಒಳ್ಳೆಯ ಮಾತೂ ಆಡಿರಲಿಲ್ಲ. ಮಾರುವ ಮಾತನ್ನು ಹಿಂದಕ್ಕೂ ಪಡೆದಿರಲಿಲ್ಲ. ಹೋದ ತಿಂಗಳು ಸೀವುಡ್ಸಿನಲ್ಲಿ ನೆಂಟರ ಮನೆಯ ಸೀಮಂತಕ್ಕೆ ಹೋದೆವು. ನಾನೇ ಓಡಿಸಿದೆ. ಊಟದ ಪಂಕ್ತಿಯಲ್ಲಿ ಗಂಡಸರು ಎದುರು ಸಾಲಿನಲ್ಲಿದ್ದರು. ಯಾರೋ ಆಟೋಮ್ಯಾಟಿಕ್ ಗಾಡಿ ಕೊಳ್ಳುವ ಯೋಚನೆಯಲ್ಲಿದ್ದವರು ನನ್ನವರನ್ನು ಕೇಳಿದರು, "ನಿಮ್ಮದು ಹಳತಾಯಿತಲ್ಲ, ಕೊಡುವುದುಂಟಾ?"

"ಕೊಡುವುದಾ? ಅದು ಅವಳ ಗಾಡಿ ಮಾರಾಯ್ರೆ" ಎಂದರು ನನ್ನ ಗಂಡ, ಇಡೀ ಪಂಕ್ತಿಗೆ ಕೇಳುವಂತೆ. "ಕಂಪನಿಯವರು ಆಗುವುದಿಲ್ಲ ಎಂದು ಕೈಬಿಟ್ಟ ಗೇರ್‌ಬಾಕ್ಸನ್ನು ಇವಳೇ ಬಿಚ್ಚಿಸಿ, ಒಂದೊಂದು ಗೇರನ್ನೂ ತೊಳೆಸಿ, ಹೊಸ ಎಂಜಿನ್ ಆಯಿಲ್ ಹಾಕಿಸಿದ್ದು. ಒಂದು ಹನಿ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಇವಳ ಕೈಯ ಲೆಕ್ಕ ಅಂದರೆ ಹಾಗೆ."

ಗೇರ್‌ಬಾಕ್ಸು ಬಿಚ್ಚಿಸಿರಲಿಲ್ಲ. ಗೇರು ತೊಳೆಸಿರಲಿಲ್ಲ. ಎಂಜಿನ್ ಆಯಿಲ್ ಹಾಕಿದ್ದರೆ ಗಾಡಿ ಗುಜರಿಯಲ್ಲಿರುತ್ತಿತ್ತು. ನನ್ನ ಕೈಯ ಲೆಕ್ಕವಂತೂ ಮಹಾಪೆಯ ಟ್ರೇಲರಿನವನಿಗೆ ಗೊತ್ತು. ತಿದ್ದಬೇಕೆಂದು ಬಾಯಿ ತೆರೆದೆ. ಎದುರು ಸಾಲಿನ ಅಷ್ಟೂ ಜನ ನನ್ನ ಕಡೆಗೇ ನೋಡುತ್ತಿದ್ದರು. ಗಂಡ ಹೊಗಳುವಾಗ ತಪ್ಪು ಹುಡುಕುವಷ್ಟು ದಡ್ಡಿ ನಾನಲ್ಲ. ಸೆರಗು ಸರಿಪಡಿಸಿಕೊಂಡು, ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.