ಹಲಗೂರು ಬಸ್ಸಿಗೆ ಕೊಡದ ಕಟ್ಟು

ಹೋದ ತಿಂಗಳು ಚಿಕ್ಕಪ್ಪನ ತಿಥಿ ಕಾರ್ಡು ತರಲು ಮದ್ದೂರಿನ ಪ್ರೆಸ್ಸಿಗೆ ಹೋಗಿದ್ದೆ. ಹುರಿಯಲ್ಲಿ ಬಿಗಿದ ಕಟ್ಟನ್ನು ಕೈಗಿತ್ತರು. ಹಸಿ ಶಾಯಿಯ ವಾಸನೆ ಮೂಗಿಗೆ ಅಡರಿದ್ದೇ ತಡ, ಅದನ್ನು ಸೆರಗಿನಲ್ಲಿ ಬಚ್ಚಿಡಬೇಕು ಅನ್ನಿಸಿತು. ಐವತ್ತು ದಾಟಿದ ಹೆಂಗಸು ನಾನು. ಆ ವಾಸನೆಯ ಮುಂದೆ ಮಾತ್ರ ಇನ್ನೂ ಹತ್ತು ವರ್ಷದ ಕಳ್ಳಿ.

ಭಾರತೀನಗರದ ಪಕ್ಕದ ಹಳ್ಳಿಯ ನಮ್ಮ ಮನೆ ಈಗಿಲ್ಲ. ಪಾಲಾಗಿ, ಕೆಡವಿ, ಅಲ್ಲಿ ಮೂರು ತಾರಸಿ ಮನೆಗಳು ಎದ್ದಿವೆ. ಅದರ ನಡುಮನೆ, ಕಬ್ಬು ಅರೆಯುವ ಕಾಲದಲ್ಲಿ ಸಕ್ಕರೆ ಫ್ಯಾಕ್ಟರಿ ಕಡೆಯಿಂದ ಕಿಟಕಿಗೆ ಬರುತ್ತಿದ್ದ ಸಿಹಿ ಗಾಳಿ, ಮೂಲೆಯಲ್ಲಿ ರಾಗಿ ತುಂಬಿಡುವ ಮಣ್ಣಿನ ವಾಡೆ, ಅದರ ಮೇಲಿನ ಮೊಳೆಗೆ ನೇತುಬಿದ್ದ ಚಿಕ್ಕಪ್ಪನ ಫುಟ್‌ಬಾಲು, ಎಲ್ಲಾ ನನ್ನ ತಲೆಯೊಳಗೆ ಮಾತ್ರ ಉಳಿದಿವೆ. ಮೈಸೂರಿನಲ್ಲಿ ಓದುವಾಗ ಚಿಕ್ಕಪ್ಪನಿಗೆ ಆ ಆಟದ ಹುಚ್ಚು ಹಿಡಿದಿತ್ತು. ಕಬಡ್ಡಿ ಬಿಟ್ಟು ಬೇರೆಯದನ್ನು ಆಟವೆಂದೇ ಒಪ್ಪದ ನಮ್ಮೂರಲ್ಲಿ ಫುಟ್‌ಬಾಲ್ ಪಂದ್ಯ ಮಾಡಿಸುತ್ತೇನೆಂದು ಹೊರಟ.

"ಚೆಂಡು ಒದೆಯಕ್ಕೆ ಯಾವನ್ಲಾ ಬತ್ತನೆ? ನಗಪಾಟ್ಲಾಯ್ತೀಯ ಕಣ್ಲಾ," ಎಂದಳು ಅಜ್ಜಿ.

"ಬತ್ತರೆ ಬುಡವ್ವ. ಅಲಗೂರ್ ಕಡೆ ಐಕ್ಳು ಮಾತು ಕೊಟ್ಟವ್ರೆ. ಯಾವತ್ತು ಅಂತ ನೋಟೀಸು ಕಳಿಸಿದ್ರೆ ಸಾಕು."

ಅದೇ ದಿನಗಳಲ್ಲಿ ನಾನು ಆಟದ ಕರಪತ್ರ ಕೂಡಿಡಲು ಶುರು ಮಾಡಿದ್ದೆ. ಕ್ಲಾಸಿನ ಗೆಳತಿ ಅಂಚೆಚೀಟಿ ಕೂಡಿಡುತ್ತಿದ್ದಳು. ಒಂದೇ ಥರದ್ದು ಹತ್ತಿದ್ದರೆ ಬೇರೆಯವರೊಡನೆ ಬದಲಾಯಿಸಿಕೊಳ್ಳಬಹುದು ಎಂದು ಅವಳೇ ಹೇಳಿಕೊಟ್ಟಿದ್ದು. ನನ್ನ ಬಳಿ ಇದ್ದದ್ದು ಕಬಡ್ಡಿಯ ಎರಡು ಹಾಳೆ ಮಾತ್ರ. ಒಂದು ಬೆಳಿಗ್ಗೆ ಚಿಕ್ಕಪ್ಪ ಒಂದು ಕಟ್ಟು ಕೈಗಿಟ್ಟ. "ಅಲಗೂರ್ ಬಸ್ಸಿನ ಕಂಡಕ್ಟರ್‌ಗೆ ಕೊಟ್ಬುಡು ಮಗ. ಊರೂರ್ ಸ್ಟಾಪಲ್ಲೂ ಆಕ್ತನೆ." ಗುಲಾಬಿ ಬಣ್ಣದ ಹಾಳೆ, ಮೇಲೆ ಚೆಂಡಿನ ಚಿತ್ರ, ಕೆಳಗೆ ಯಾವ ಆಟ ಎಷ್ಟು ಹೊತ್ತಿಗೆ ಎಂಬ ಪಟ್ಟಿ. ಹತ್ತು ಇಟ್ಟುಕೊಂಡು ಉಳಿದದ್ದು ಕೊಡೋಣವೆಂದು ಹುರಿ ಬಿಚ್ಚಲು ಕೂತೆ. ಹಾಳು ಗಂಟು ಬಿಚ್ಚಿಕೊಳ್ಳುವಷ್ಟರಲ್ಲಿ ಬಸ್ಸು ಬಂದು ಹೋಯಿತು. ನಾಳೆ ಕೊಟ್ಟರಾಯಿತೆಂದು ಕಟ್ಟನ್ನು ವಾಡೆಯ ಹಿಂದೆ ತುರುಕಿದೆ. ಸಂಜೆ ಚಿಕ್ಕಪ್ಪ "ಕೊಟ್ಯಾ ಮಗ?" ಅಂದ. "ಊಂ" ಅಂದುಬಿಟ್ಟೆ. ಹಾಗಂದ ಮೇಲೆ ಕಟ್ಟು ಹಿಡಿದು ಬೀದಿಗೆ ಇಳಿಯುವ ಧೈರ್ಯ ಬರಲಿಲ್ಲ. ಮೂರು ದಿನ ಹೆದರಿ, ಕೊನೆಗೆ ಹತ್ತನ್ನೂ ಉಳಿಸಿಕೊಳ್ಳದೆ ಎಲ್ಲವನ್ನೂ ನೀರೊಲೆಗೆ ಹಾಕಿದೆ. ಅದೇ ಬಿಸಿನೀರಲ್ಲಿ ಚಿಕ್ಕಪ್ಪ ಹಾಡಿಕೊಂಡು ಸ್ನಾನ ಮಾಡಿದ.

ಪಂದ್ಯದ ದಿನ ಗೌರ್ಮೆಂಟು ಸ್ಕೂಲಿನ ಬಯಲಲ್ಲಿ ಸುಣ್ಣದ ಗೆರೆ, ಗೋಲಿಗೆ ನಾಲ್ಕು ಬಿದಿರು ಗಳ. ಬೈದುಕೊಂಡೇ ಅಜ್ಜಿ ಒಂದು ಹಂಡೆ ಪಾನಕ ಮಾಡಿದ್ದಳು. ನಮ್ಮೂರ ಹುಡುಗರು ಬಿಟ್ಟರೆ ಯಾರೂ ಬರಲಿಲ್ಲ. ಚಿಕ್ಕಪ್ಪ ರಸ್ತೆ ನೋಡುತ್ತಾ ನಿಂತೇ ಇದ್ದ. ಊರವರು ನಕ್ಕು ಪಾನಕ ಕುಡಿದು ಹೋದರು.

"ಮಾತು ಕೊಟ್ಟು ಕೈಕೊಟ್ರು ಕಣವ್ವ," ಎಂದ ಅಜ್ಜಿಗೆ. ಆಮೇಲೆ ಜೇಬಿನಿಂದ ಮಡಚಿದ ಗುಲಾಬಿ ಹಾಳೆ ತೆಗೆದು ನನ್ನತ್ತ ಚಾಚಿದ. "ತಕೋ ಮಗ. ಇದು ನಿನ್ ತಾವ ಇಲ್ವಲ್ಲ. ಇದೊಂದೇ ಉಳ್ದಿರೋದು."

ನಾನು ಇಸಿದುಕೊಂಡೆ. ಹೇಳಲಿಲ್ಲ. ಆ ಚೆಂಡು ಮತ್ತೆ ಮೊಳೆಯಿಂದ ಇಳಿಯಲಿಲ್ಲ, ಹಲಗೂರಿನ ಗೆಳೆಯರ ಹೆಸರನ್ನು ಚಿಕ್ಕಪ್ಪ ಮತ್ತೆ ಎತ್ತಲಿಲ್ಲ. ಆದರೆ ಎಲ್ಲಿ ಆಟ ನಡೆದರೂ ನನಗೊಂದು ಕರಪತ್ರ ತರುವುದನ್ನು ಮರೆಯಲಿಲ್ಲ. ನನ್ನ ಕರಪತ್ರದ ಫೈಲು ದಪ್ಪವಾಗಿದ್ದು ಅವನಿಂದ. ಒಂದೊಂದು ಹಾಳೆ ತಂದಾಗಲೂ ಹೇಳಿಬಿಡಬಹುದಿತ್ತು. ಹೇಡಿ ನಾನು.

ತಿಥಿ ಕಾರ್ಡಿನ ಕಟ್ಟು ಹಿಡಿದು ಈ ಸಲ ಹಲಗೂರು ಬಸ್ಸು ಹತ್ತಿದೆ. ಒಂದೊಂದು ಸ್ಟಾಪಲ್ಲೂ ಇಳಿದು ಕೈಯಾರೆ ಕೊಟ್ಟೆ. ಹಲಗೂರಿನ ಟೀ ಅಂಗಡಿಯಲ್ಲಿ ನರೆತ ಮೀಸೆಯವರೊಬ್ಬರು ಕಾರ್ಡಿನ ಫೋಟೋವನ್ನೇ ನೋಡಿದರು.

"ಬೂಟು ತಂದಿಟ್ಕಂಡು ಕಾಯ್ತಾ ಇದ್ದೊ ಕಣವ್ವ. ಯಾವತ್ತು ಅಂತ ಯೋಳ್ನೇ ಇಲ್ಲ. ನಮ್ಮುನ್ನ ಮರ್ತುಬುಟ್ಟ ಅನ್ಕಂಡೊ."

"ನೋಟೀಸು ಕಳಿಸಿದ್ದ ಚಿಕ್ಕಪ್ಪ. ನಾನು ಸುಟ್ಟೆ," ಎಂದೆ.

ಅವರು ಟೀ ಲೋಟ ಬೆಂಚಿನ ಮೇಲಿಟ್ಟರು. "ಅವ್ನಿಗ್ ಯೋಳಿದ್ಯಾ?"

"ಇಲ್ಲ."

"ಅವ್ನಿಗ್ ಯೋಳ್ಬೇಕಿತ್ತು ಕಣವ್ವ," ಎಂದು ಕಾರ್ಡನ್ನು ಮಡಚಿ ಜೇಬಿಗಿಟ್ಟುಕೊಂಡರು.

ತಿಥಿಯ ದಿನ ಹಲಗೂರು ಬಸ್ಸಿನಿಂದ ಏಳು ಮಂದಿ ಮುದುಕರು ಇಳಿದರು. ನಾನೇ ಎಲೆ ಹಾಕಿ ಬಡಿಸಿದೆ. ಮಾತು ಕೊಟ್ಟವರು ಬಂದಿದ್ದರು. ರಸ್ತೆ ನೋಡುತ್ತಾ ನಿಲ್ಲಲು ಅವನಿರಲಿಲ್ಲ.