ಎರಡು ಪೆಟ್ಟು, ಆಮೇಲೆ ಭಾಗ್ಯಾಳ ಪಾಳಿ

ಮೊಮ್ಮಗಳು ಭಾಗ್ಯಾಗೆ ಮೂರು ವರ್ಷ ತುಂಬಿದರೂ ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಕಿವಿ ಮಂದ ಇರಬೇಕು ಅಂದುಕೊಂಡೆವು. ನಮ್ಮ ಕುಲಗೋಡದಿಂದ ಬಸ್ ಹತ್ತಿ ಗೋಕಾಕಕ್ಕೆ ಹೋಗಿ ತೋರಿಸಿದೆವು. ಹಿಯರಿಂಗ್ ಟೆಸ್ಟ್ ಮಾಡಿದರು. ಕಿವಿ ನೆಟ್ಟಗಿತ್ತು.

"ಆಟಿಸಂ ಐತ್ರಿ," ಎಂದರು ಡಾಕ್ಟರ್.

ಯಾವ ಗುಳಿಗೆ ಕೊಡಬೇಕು ಎಂದು ಕೇಳಿದೆ. ಇದು ಗುಳಿಗೆಗೆ ಹೋಗುವಂಥದ್ದಲ್ಲ, ನಾಲ್ಕು ಜನರ ಜೊತೆ ಬೆರೆಯುವುದನ್ನು ಮಗುವಿಗೆ ನಿಧಾನವಾಗಿ ಕಲಿಸಬೇಕು, ಮ್ಯೂಸಿಕ್ ಥೆರಪಿಯಿಂದ ಕೆಲವು ಮಕ್ಕಳಿಗೆ ಅನುಕೂಲವಾಗುತ್ತದೆ ಎಂದರು. ಬರುವಾಗ ಬಸ್ಸಿನಲ್ಲಿ ಸೊಸೆ ರೇಣುಕಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನು ಮಾತ್ರ ಹುರುಪಿನಲ್ಲಿದ್ದೆ. ಮೂವತ್ತು ವರ್ಷ ಡೊಳ್ಳು ಬಾರಿಸಿದವನು ನಾನು. ಮ್ಯೂಸಿಕ್ ಬೇಕಿದ್ದರೆ ಮನೆಯಲ್ಲೇ ಇದೆಯಲ್ಲ!

ಮರುದಿನ ಡೊಳ್ಳನ್ನು ಬಿಸಿಲಿಗಿಟ್ಟು, ಹಗ್ಗ ಬಿಗಿದು, ಅವಳೆದುರು ನಿಂತು ರಟ್ಟೆಯ ಶಕ್ತಿಯೆಲ್ಲ ಹಾಕಿ ಬಾರಿಸಿದೆ.

ಮಗು ಕಿವಿ ಮುಚ್ಚಿಕೊಂಡು ಚೀರಿತು.

"ಮಾವಾರ, ನಿಲ್ಲಸ್ರಿ! ಕೂಸು ಹೆದರೇತಿ!" ಎಂದು ರೇಣುಕಾ ಓಡಿ ಬಂದಳು.

ಅಂದಿನಿಂದ ನನ್ನನ್ನು ಕಂಡರೆ ಭಾಗ್ಯಾ ಕೋಣೆ ಸೇರುತ್ತಿದ್ದಳು. ನನ್ನ ಬುದ್ಧಿಗೆ ಏನು ಹೇಳಬೇಕು! ಇದ್ದೊಬ್ಬ ಮೊಮ್ಮಗಳನ್ನು ನನ್ನ ಕೈಯಾರೆ ದೂರ ಮಾಡಿಕೊಂಡಿದ್ದೆ.

ಕೊನೆಗೆ ಡಾಕ್ಟರ್ ಹೇಳಿದ್ದ ಮ್ಯೂಸಿಕ್ ಥೆರಪಿಗೆಂದು ಭಾಗ್ಯಾಳನ್ನು ಗೋಕಾಕಕ್ಕೆ ಕರೆದೊಯ್ದು, ಅಲ್ಲಿನ ಥೆರಪಿ ಮೇಡಂ ಎದುರು ಎಲ್ಲ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಚಾಪೆಯ ಮೇಲೆ ಪುಟ್ಟದೊಂದು ಡ್ರಮ್ ಇಟ್ಟರು.

"ಅಜ್ಜಾರ, ಬಾರಸಾಕ ನಿಮಗ ಬರ್ತೈತಿ. ಈಗ ಸುಮ್ನ ಕುಂದ್ರಾಕ ಕಲೀರಿ. ಬೆರಳಿಲೆ ಎರಡು ಪೆಟ್ಟು ಹಾಕ್ರಿ, ಕೈ ತಗೀರಿ. ಆಮ್ಯಾಲ ಆಕಿ ಪಾಳಿ."

"ಆಕಿ ಬಾರಸಲಿಲ್ಲಂದ್ರ?"

"ಕಾಯ್ರಿ."

ಡೊಳ್ಳಿನ ಮೇಳದಲ್ಲಿ ನಡುವೆ ಕೈ ನಿಂತವನನ್ನು ನೋಡಿ ಊರೇ ನಗುತ್ತದೆ. ಅಂಥದ್ದರಲ್ಲಿ ಬೆಳೆದವನಿಗೆ ಕಾಯುವುದು ಸುಲಭವೇ? ಕೈಯನ್ನು ತೊಡೆಯ ಕೆಳಗೆ ಒತ್ತಿ ಕೂರುತ್ತಿದ್ದೆ. ಭಾಗ್ಯಾ ಗೋಡೆಗೆ ಮುಖ ಮಾಡಿರುತ್ತಿದ್ದಳು. ಅಂಥದ್ದೇ ಒಂದು ಡ್ರಮ್ ತಂದಿಟ್ಟುಕೊಂಡು ಮನೆಯಲ್ಲೂ ದಿನಾ ಸಂಜೆ ಅದೇ. ಒಮ್ಮೊಮ್ಮೆ ಯಾರ ಮೇಲೆಂದು ತಿಳಿಯದ ಸಿಟ್ಟು ಬಂದು, ಎದ್ದು ಕುರಿಗಳ ಕಡೆ ಹೋಗಿಬಿಡುತ್ತಿದ್ದೆ.

ಎಷ್ಟು ವಾರ ಕಳೆದವೋ. ಒಂದು ಸಂಜೆ ಅವಳ ಅಂಗೈ ಡ್ರಮ್ಮಿನ ಮೇಲೆ ಟಪ್ ಎಂದು ಬಿತ್ತು. ಖುಷಿಯಲ್ಲಿ ನಾನು ನನ್ನ ಪಾಳಿಯನ್ನೇ ಮರೆತೆ. ಅವಳು ಸ್ವಲ್ಪ ಹೊತ್ತು ನೋಡಿದಳು. ನನ್ನ ತೋರುಬೆರಳು ಹಿಡಿದು ಡ್ರಮ್ಮಿನ ಮೇಲಿಟ್ಟಳು.

ನನಗೆ ಅಳು ತಡೆಯಲಾಗಲಿಲ್ಲ.

ಭಾಗ್ಯಾ ಇನ್ನೂ ಮಾತಾಡಿಲ್ಲ. ಓಣಿಯ ಮಕ್ಕಳು ಆಡುವಾಗ ಕಟ್ಟೆಯ ಮೇಲೆ ಒಬ್ಬಳೇ ಕೂರುತ್ತಾಳೆ. ಮುಂದೆ ಹೇಗೋ ಗೊತ್ತಿಲ್ಲ, ಮೇಡಂ ಕೂಡ ಮಾತು ಕೊಟ್ಟಿಲ್ಲ. ಆದರೆ ಮೊನ್ನೆ ಪಕ್ಕದ ಮನೆಯ ಹುಡುಗಿ ಸವಿತಾ ತಾನಾಗಿ ಬಂದು ನಮ್ಮ ಚಾಪೆಯ ಮೇಲೆ ಕೂತಳು. ಭಾಗ್ಯಾ ಎದ್ದು ಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ. ಒಂದು ಪೆಟ್ಟು ಹಾಕಿ ಡ್ರಮ್ಮನ್ನು ಮೆಲ್ಲಗೆ ಸವಿತಾಳ ಕಡೆ ತಳ್ಳಿದಳು.

ಈಗ ನಾವು ಮೂವರು. ನನ್ನ ಪಾಳಿ ಬರುವುದು ಇನ್ನೂ ತಡ. ನಿಧಾನಕ್ಕೇ ಬರಲಿ.